ಗುರುವಾರ ಮೊದಲ ಬಾರಿ ಅಕ್ಯುಪಂಕ್ಚರ್: ಹೋಗುವ ಮುನ್ನ ಏನೇನು ತಿಳಿದಿರಬೇಕು?

ಲೆಕ್ಕದ ಮೇಷ್ಟ್ರು | ಭಾನುವಾರ, ಬೆಳಗ್ಗೆ 7.10

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನನಗೆ ಸೊಂಟನೋವು ಆರು ವರ್ಷಗಳಿಂದ ಅಂಟಿಕೊಂಡಿದೆ. ಎಂಆರ್‌ಐ ಮಾಡಿಸಿಯಾಗಿದೆ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲವೆಂದು ಮೂಳೆತಜ್ಞರು ಹೇಳಿದ್ದಾರೆ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಿಲ್ಲ. ನಾಲ್ಕು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನಡೆದಿದೆ. ಹಾಗಾಗಿ ನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗುವ ಹಾಗಿಲ್ಲ. ಕಿಡ್ನಿಯ ಬಗ್ಗೆಯೂ ವೈದ್ಯರು ಎಚ್ಚರಿಸಿದ್ದಾರೆ. ಇದನ್ನೆಲ್ಲ ನೋಡಿದ ಮಗಳು ನನ್ನನ್ನು ಕೇಳದೆಯೇ ಅಕ್ಯುಪಂಕ್ಚರ್‌ಗೆ, ಅಂದರೆ ಚೀನೀ ಸೂಜಿ ಚಿಕಿತ್ಸೆಗೆ, ಹೆಸರು ಬರೆಸಿ ಬಂದಿದ್ದಾಳೆ. ಗುರುವಾರ ಹತ್ತೂವರೆಗೆ ಸಮಯ ಕೊಟ್ಟಿದ್ದಾರೆ.

ನನ್ನ ಪ್ರಶ್ನೆಗಳು ಇಷ್ಟೇ. ಸೂಜಿ ಎಷ್ಟು ನೋಯುತ್ತದೆ? ಮಾತ್ರೆಯನ್ನು ನಿಲ್ಲಿಸಬೇಕೇ? ‘ಚೀ’ ಎಂಬ ಪ್ರಾಣಶಕ್ತಿಯನ್ನು ನಂಬದವನಿಗೂ ಇದರಿಂದ ಉಪಯೋಗವಾಗುತ್ತದೆಯೇ? ಎಷ್ಟು ಸಲ ಹೋದ ಮೇಲೆ, ಇದು ನನಗೆ ಆಗಿಬರಲಿಲ್ಲ ಎಂದು ಕೈಬಿಡಬೇಕು? ಕೊನೆಯದಕ್ಕೆ ಸಂಖ್ಯೆಯಲ್ಲಿ ಉತ್ತರ ಸಿಕ್ಕಿದರೆ ಹೆಚ್ಚು ಸಮಾಧಾನ.

ಅರೆತಲೆಯ ಅಕ್ಕ | ಭಾನುವಾರ, ಬೆಳಗ್ಗೆ 8.02

ಮೈಗ್ರೇನ್‌ಗಾಗಿ ಹತ್ತು ಸಲ ಚುಚ್ಚಿಸಿಕೊಂಡ ಅನುಭವದಿಂದ ಹೇಳುತ್ತೇನೆ, ಸೂಜಿಗೆ ಹೆದರಬೇಕಾಗಿಲ್ಲ. ಇಂಜೆಕ್ಷನ್ ಸೂಜಿಯ ಒಳಗೆ ಟೊಳ್ಳಿರುತ್ತದೆ, ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ, ಆದ್ದರಿಂದ ಅದು ಚರ್ಮವನ್ನು ಕೊಯ್ದುಕೊಂಡು ಒಳಗೆ ಹೋಗುತ್ತದೆ. ಅಕ್ಯುಪಂಕ್ಚರ್ ಸೂಜಿ ಟೊಳ್ಳಿಲ್ಲದ ಸಣ್ಣ ಉಕ್ಕಿನ ಎಳೆ. ಸಾಮಾನ್ಯವಾಗಿ ಬಳಸುವುದು 0.25 ಮಿಲಿಮೀಟರ್ ದಪ್ಪದ್ದು, ಬೆರಳಲ್ಲಿ ಹಿಡಿದರೆ ಬಾಗುತ್ತದೆ. ಅದನ್ನೊಂದು ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು, ಕೊಳವೆಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಮೇಲಿನಿಂದ ಬೆರಳಲ್ಲಿ ಟಕ್ಕೆಂದು ತಟ್ಟುತ್ತಾರೆ. ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಕೊಳವೆಯನ್ನು ತೆಗೆದಿರುತ್ತಾರೆ.

ಆದರೆ ಆಮೇಲೆ ಬರುವುದು ಬೇರೆ. ಸೂಜಿಯನ್ನು ಆಳಕ್ಕಿಳಿಸಿ ಮೆಲ್ಲಗೆ ತಿರುಗಿಸಿದಾಗ ಆ ಜಾಗ ಭಾರವಾದಂತೆ, ಒಳಗಿನಿಂದ ಉಬ್ಬಿದಂತೆ, ಜುಮುಗುಟ್ಟಿದಂತೆ ಆಗುತ್ತದೆ. ಚೀನೀಯರು ಇದನ್ನು ‘ದೇ ಚೀ’ ಎನ್ನುತ್ತಾರೆ, ಅಂದರೆ ಚೀ ಕೈಗೆ ಸಿಕ್ಕಿತು ಎಂದು. ಹಾಗೆ ಅನ್ನಿಸಿದ ಕೂಡಲೇ ಬಾಯಿಬಿಟ್ಟು ಹೇಳಿ. ಚುರುಕ್ಕೆಂದು ವಿದ್ಯುತ್ ಹೊಡೆದಂತಾದರೆ, ಸೂಜಿ ನರಕ್ಕೆ ತಾಗಿರಬಹುದು. ಅದನ್ನೂ ತಕ್ಷಣ ಹೇಳಿ, ಹಲ್ಲು ಕಚ್ಚಿ ಮಲಗಬೇಡಿ.

ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ. ನಾನು ಏಕಾದಶಿಯ ಉಪವಾಸದ ದಿನ ಹೋಗಿ, ಮೂರನೆಯ ಸೂಜಿಗೇ ಕಣ್ಣು ಕತ್ತಲೆ ಬಂದು, ಉಳಿದ ಸೂಜಿಗಳು ಡಬ್ಬಿಯಲ್ಲೇ ಉಳಿದವು.

ನಾಟಿಮದ್ದು | ಭಾನುವಾರ, ಬೆಳಗ್ಗೆ 8.30

ರಕ್ತ ತೆಳುವಾಗಿಸುವ ಮಾತ್ರೆಯನ್ನು ಎರಡು ದಿನ ಮುಂಚೆ ನಿಲ್ಲಿಸಿದರೆ ಒಳ್ಳೆಯದು. ನಮ್ಮ ಮಾವನವರು ಹಾಗೆಯೇ ಮಾಡಿದ್ದರು.

ಸೂಜಿಡಾಕ್ಟರ್ | ಭಾನುವಾರ, ಬೆಳಗ್ಗೆ 8.41

ಮೇಷ್ಟ್ರೇ, ದಯವಿಟ್ಟು ಮೇಲಿನ ಸಲಹೆಯನ್ನು ಪಾಲಿಸಬೇಡಿ. ಸ್ಟೆಂಟ್ ಇರುವವರು ಹೃದ್ರೋಗ ತಜ್ಞರನ್ನು ಕೇಳದೆ ಆ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬಾರದು. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯದ ಮುಂದೆ ಸೂಜಿಯ ಜಾಗ ನೀಲಿಗಟ್ಟುವುದು ಲೆಕ್ಕಕ್ಕೇ ಬರುವುದಿಲ್ಲ. ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿದರೆ ಸಾಕು. ಚಿಕಿತ್ಸಕರು ಸೂಜಿ ತೆಗೆದ ಮೇಲೆ ಹತ್ತಿಯಿಂದ ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತಾರೆ. ಪೇಸ್‌ಮೇಕರ್ ಇದ್ದಿದ್ದರೆ ಸೂಜಿಗೆ ವಿದ್ಯುತ್ ತಂತಿ ಜೋಡಿಸುವ ವಿಧಾನವನ್ನು ಬೇಡವೆನ್ನಬೇಕಿತ್ತು. ಸ್ಟೆಂಟ್‌ಗೆ ಆ ತೊಂದರೆಯಿಲ್ಲ.

ನಾನು ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವೀಧರೆ. ಅಕ್ಯುಪಂಕ್ಚರ್ ನಮ್ಮ ಐದೂವರೆ ವರ್ಷದ ಪಠ್ಯಕ್ರಮದಲ್ಲಿದೆ, ನಿತ್ಯ ಮಾಡುತ್ತೇನೆ. ಮುಂದೆ ಯಾರಾದರೂ ‘ಇವಳಿಗೆ ಇದರಲ್ಲಿ ಲಾಭವಿದೆ’ ಎನ್ನುವ ಮೊದಲು ನಾನೇ ಹೇಳಿಬಿಡುತ್ತೇನೆ: ಹೌದು, ಇದೆ.

ನಾಟಿಮದ್ದು | ಭಾನುವಾರ, ಬೆಳಗ್ಗೆ 8.55

ಸರಿ, ತಿದ್ದಿಕೊಂಡೆ. ಮಾವನವರದು ಸ್ಟೆಂಟ್ ಆಗಿರಲಿಲ್ಲ.

ಸಂಶಯಪ್ಪ | ಭಾನುವಾರ, ಬೆಳಗ್ಗೆ 9.20

ಎಲ್ಲರೂ ಹೇಗೆ ಮಲಗಬೇಕೆಂದು ಹೇಳುತ್ತಿದ್ದಾರೆಯೇ ಹೊರತು, ಯಾಕೆ ಮಲಗಬೇಕೆಂದು ಯಾರೂ ಹೇಳುತ್ತಿಲ್ಲ. ಮೇಷ್ಟ್ರು ಸಂಖ್ಯೆ ಕೇಳಿದ್ದಾರೆ, ನಾನು ಕೊಡುತ್ತೇನೆ. ಜರ್ಮನಿಯಲ್ಲಿ ಸೊಂಟನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ದೊಡ್ಡ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಚೀನೀ ಶಾಸ್ತ್ರದ ಬಿಂದುಗಳಲ್ಲಿ ಸೂಜಿ, ಇನ್ನೊಂದು ಗುಂಪಿಗೆ ಬಿಂದುಗಳಲ್ಲದ ಜಾಗದಲ್ಲಿ ಮೇಲ್ಮೇಲೆ ಚುಚ್ಚಿದ ಹುಸಿ ಸೂಜಿ. ಆರು ತಿಂಗಳ ನಂತರ ಸುಧಾರಿಸಿದವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2. ಈ ವ್ಯತ್ಯಾಸಕ್ಕೆ ಸಂಖ್ಯಾಶಾಸ್ತ್ರದ ಬೆಲೆಯಿಲ್ಲ. ಎಲ್ಲಿ ಚುಚ್ಚಿದರೂ ಒಂದೇ ಎಂದಾದ ಮೇಲೆ ಚೀ ಹರಿಯುತ್ತದೆನ್ನುವ ಹನ್ನೆರಡು ನಾಳಗಳು, 361 ಬಿಂದುಗಳು, ಯಿನ್, ಯಾಂಗ್ ಎಂಬ ಎದುರುಬದುರು ಶಕ್ತಿಗಳು ಇವೆಲ್ಲ ಯಾವ ಪುರುಷಾರ್ಥಕ್ಕೆ?

ರೈನ್ ನದಿ ದಂಡೆ | ಭಾನುವಾರ, ಮಧ್ಯಾಹ್ನ 1.15

ಸಂಶಯಪ್ಪನವರೇ, ಮೂರು ಗುಂಪು ಎಂದು ಆರಂಭಿಸಿ ಎರಡಕ್ಕೇ ನಿಲ್ಲಿಸಿದ್ದೀರಿ. ಮೂರನೆಯ ಗುಂಪಿಗೆ ಮಾತ್ರೆ, ವ್ಯಾಯಾಮ, ಫಿಸಿಯೋಥೆರಪಿ ಸೇರಿದ ರೂಢಿಯ ಚಿಕಿತ್ಸೆ ಕೊಟ್ಟಿದ್ದರು. ಅದರಲ್ಲಿ ಸುಧಾರಿಸಿದವರು ಶೇ. 27.4 ಮಾತ್ರ. ನಾನಿರುವ ಈ ದೇಶದ ಸಾರ್ವಜನಿಕ ಆರೋಗ್ಯ ವಿಮೆಯು ದೀರ್ಘಕಾಲದ ಸೊಂಟನೋವಿಗೂ ಮಂಡಿ ಸವೆತಕ್ಕೂ 2007ರಿಂದ ಅಕ್ಯುಪಂಕ್ಚರ್ ಖರ್ಚನ್ನು ಕೊಡುತ್ತಿರುವುದಕ್ಕೆ ಇಂತಹ ಪ್ರಯೋಗಗಳೇ ಕಾರಣ. ನಮ್ಮ ಬೀದಿಯ ಮೂಳೆತಜ್ಞರೇ ಚುಚ್ಚುತ್ತಾರೆ, ಚೀ ಎಂಬ ಪದವನ್ನು ಅವರ ಬಾಯಲ್ಲಿ ಕೇಳಿದ್ದೇ ಇಲ್ಲ.

ಲೆಕ್ಕದ ಮೇಷ್ಟ್ರು | ಭಾನುವಾರ, ಮಧ್ಯಾಹ್ನ 1.40

ಅಂದರೆ ನಿಜದ ಸೂಜಿಗೂ ಹುಸಿ ಸೂಜಿಗೂ ಅಂತರ 3.4, ಹುಸಿ ಸೂಜಿಗೂ ರೂಢಿಯ ಚಿಕಿತ್ಸೆಗೂ ಅಂತರ 16.8. ನೋವಿರುವವನಿಗೆ ಎರಡನೆಯ ಅಂತರ ಮುಖ್ಯ, ಶಾಸ್ತ್ರಿಗೆ ಮೊದಲನೆಯದು ಮುಖ್ಯ. ನಾನು ಅರ್ಥ ಮಾಡಿಕೊಂಡದ್ದು ಸರಿಯೇ?

ಸಂಶಯಪ್ಪ | ಭಾನುವಾರ, ಮಧ್ಯಾಹ್ನ 2.05

ಅರ್ಧ ಸರಿ. ರೂಢಿಯ ಚಿಕಿತ್ಸೆಯ ಗುಂಪಿನವರಿಗೆ ತಮಗೆ ಸೂಜಿ ಸಿಗಲಿಲ್ಲವೆಂಬುದು ಗೊತ್ತಿತ್ತು. ಹಳೆಯ ಮಾತ್ರೆಯೇ ಮತ್ತೆ ಬಂತೆಂಬ ನಿರಾಸೆಯೂ ಆ 27.4ರಲ್ಲಿ ಸೇರಿದೆ. ನಿರೀಕ್ಷೆ, ಬೆಚ್ಚಗಿನ ಕೋಣೆ, ಅರ್ಧ ಗಂಟೆ ಯಾರೋ ನಮ್ಮ ದೂರನ್ನು ಸಾವಧಾನವಾಗಿ ಕೇಳಿಸಿಕೊಂಡದ್ದು, ಇವಕ್ಕೂ ನೋವು ಇಳಿಸುವ ಶಕ್ತಿಯಿದೆ. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಶಿಫಾರಸು ಮಾಡಿ, 2016ರಲ್ಲಿ ಅದನ್ನು ಹಿಂದಕ್ಕೆ ಪಡೆದದ್ದನ್ನೂ ಇಲ್ಲಿ ಹೇಳಬೇಕು.

ರೈನ್ ನದಿ ದಂಡೆ | ಭಾನುವಾರ, ಮಧ್ಯಾಹ್ನ 2.20

ಅದೇ ನೈಸ್ 2021ರಲ್ಲಿ ಬೇರೆ ಕಾರಣ ಕಾಣದ ದೀರ್ಘಕಾಲದ ನೋವಿಗೆ ಅಕ್ಯುಪಂಕ್ಚರ್ ಪರಿಶೀಲಿಸಬಹುದು ಎಂದಿತು. 2018ರಲ್ಲಿ 39 ಪ್ರಯೋಗಗಳ 20,827 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ, ದೀರ್ಘಕಾಲದ ನೋವಿಗೆ ನಿಜದ ಸೂಜಿ ಹುಸಿ ಸೂಜಿಗಿಂತ ಮೇಲೆಂದೇ ಬಂತು. ಅಂತರ ಚಿಕ್ಕದೆಂದು ಒಪ್ಪುತ್ತೇನೆ, ಶೂನ್ಯವೆಂದರೆ ಒಪ್ಪುವುದಿಲ್ಲ.

ಸೂಜಿಡಾಕ್ಟರ್ | ಭಾನುವಾರ, ಸಂಜೆ 5.30

ಚರ್ಚೆ ಬಿಸಿಯಾಗುವ ಮೊದಲು ಮೇಷ್ಟ್ರ ನಾಲ್ಕನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಅಮೆರಿಕದ ಹಿರಿಯ ನಾಗರಿಕರ ವಿಮೆಯಾದ ಮೆಡಿಕೇರ್, 2020ರಿಂದ ದೀರ್ಘಕಾಲದ ಸೊಂಟನೋವಿಗೆ 90 ದಿನಗಳಲ್ಲಿ 12 ಸಲದ ಖರ್ಚು ಕೊಡುತ್ತದೆ. ಸುಧಾರಣೆ ಕಂಡರೆ ಇನ್ನೂ 8 ಸಲ. ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ವರ್ಷಕ್ಕೆ 20ರ ಮೇಲಿಲ್ಲ. ಮೇಲೆ ಹೇಳಿದ ಜರ್ಮನಿಯ ಪ್ರಯೋಗದಲ್ಲೂ ವಾರಕ್ಕೆ ಎರಡರಂತೆ 10 ಸಲ, ಭಾಗಶಃ ಗುಣ ಕಂಡವರಿಗೆ ಮಾತ್ರ ಇನ್ನೂ 5. ನಾನು ನನ್ನವರಿಗೆ ಆರು ಸಲ ಬನ್ನಿ ಎನ್ನುತ್ತೇನೆ. ಆರರಲ್ಲಿ ನಿದ್ದೆಯಲ್ಲೋ, ನಡೆಯುವ ದೂರದಲ್ಲೋ, ಮಾತ್ರೆಯ ಲೆಕ್ಕದಲ್ಲೋ ಕಿಂಚಿತ್ತೂ ಬದಲಾವಣೆ ಕಾಣದಿದ್ದರೆ ನಾನೇ ಸಾಕೆನ್ನುತ್ತೇನೆ. ಮೊದಲ ದಿನವೇ ಮೂವತ್ತು ಸಲದ ಹಣವನ್ನು ಒಟ್ಟಿಗೆ ಕಟ್ಟಿಸಿಕೊಳ್ಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಅಪಾಯದ ಲೆಕ್ಕವನ್ನೂ ಕೊಡುತ್ತೇನೆ. ಜರ್ಮನಿಯಲ್ಲಿಯೇ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನ 2009ರಲ್ಲಿ ಬಂತು. ಶೇ. 8.6 ಜನರಿಗೆ ಏನಾದರೊಂದು ತೊಂದರೆ ಆಗಿತ್ತು, ಹೆಚ್ಚಿನವು ತೊಟ್ಟು ರಕ್ತ, ನೀಲಿಗಟ್ಟುವಿಕೆ. ಶ್ವಾಸಕೋಶದ ಪೊರೆಗೆ ಸೂಜಿ ತಾಗಿ ಗಾಳಿ ಸೋರಿದ್ದು ಇಬ್ಬರಿಗೆ. ಎದೆ, ಹೆಗಲು, ಬೆನ್ನಿನ ಮೇಲ್ಭಾಗದಲ್ಲಿ ಆಳವಾಗಿ ಚುಚ್ಚಿಸಿಕೊಂಡ ದಿನ ಉಸಿರಾಡಲು ಕಷ್ಟವಾದರೆ, ನಾಳೆ ನೋಡೋಣವೆನ್ನದೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು. ಸೊಂಟಕ್ಕೆ ಆ ಭಯ ಕಡಿಮೆ.

ಹಾಲುಹಾದಿ | ಭಾನುವಾರ, ಸಂಜೆ 6.12

ಸೂಜಿಯನ್ನು ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣದಿಂದ ಹರಿದು ತೆಗೆಯುವಂತೆ ಕೇಳಿ. ಒಂದು ಊರಿನ ಚಿಕಿತ್ಸಾಲಯದಲ್ಲಿ ನನ್ನ ಹೆಸರು ಬರೆದ ಡಬ್ಬಿಯಲ್ಲಿ ನನ್ನದೇ ಸೂಜಿಗಳನ್ನು ಸ್ಪಿರಿಟ್‌ನಲ್ಲಿ ಅದ್ದಿಟ್ಟಿದ್ದರು. ‘ಇವು ನಿಮ್ಮವೇ ಅಲ್ಲವೇ, ಇನ್ನೊಬ್ಬರಿಗೆ ಬಳಸುವುದಿಲ್ಲ’ ಎಂದು ನನಗೇ ಸಮಾಧಾನ ಹೇಳಿದರು. ಸ್ಪಿರಿಟ್‌ಗೆ ಹೆಪಟೈಟಿಸ್ ಬಿ ವೈರಾಣು ಬಗ್ಗುತ್ತದೆಂದು ನಂಬಿಕೊಂಡು ಕೂರುವ ಧೈರ್ಯ ನನಗಿರಲಿಲ್ಲ, ಎದ್ದು ಬಂದೆ.

ಅರೆತಲೆಯ ಅಕ್ಕ | ಭಾನುವಾರ, ಸಂಜೆ 6.20

ಸೂಜಿಯನ್ನು ಎಣಿಸಿಕೊಳ್ಳುವುದೂ ಒಳ್ಳೆಯದು. ಹಾಕಿದ್ದೆಷ್ಟು, ತೆಗೆದದ್ದೆಷ್ಟು.

ಪರ್ಲ್ ನದಿಯ ಪರದೇಶಿ | ಭಾನುವಾರ, ರಾತ್ರಿ 9.05

ನಾನು ಐದು ವರ್ಷ ಗುವಾಂಗ್‌ಝೌನಲ್ಲಿ ಕೆಲಸದಲ್ಲಿದ್ದೆ. ಅಲ್ಲಿ ಇದನ್ನು ಹೇಗೆ ನಡೆಸುತ್ತಾರೆಂದು ಹೇಳಿದರೆ ಮೇಷ್ಟ್ರಿಗೆ ಒಂದು ಚಿತ್ರ ಸಿಗಬಹುದು.

ಚೀನೀ ವೈದ್ಯದ ಆಸ್ಪತ್ರೆ ಎಂದರೆ ನಾನು ಮಂದಬೆಳಕು, ಧೂಪ, ಗಡ್ಡದ ಮುದುಕ ಎಂದೆಲ್ಲ ಎಣಿಸಿಕೊಂಡು ಹೋಗಿದ್ದೆ. ಹತ್ತಾರು ಮಹಡಿಯ ಕಟ್ಟಡ, ಟೋಕನ್ ಯಂತ್ರ, ಕೆಳಗಿನ ಮಹಡಿಯಲ್ಲಿ ಸಿಟಿ ಸ್ಕ್ಯಾನ್. ವೈದ್ಯೆ ಮೊದಲು ನನ್ನ ಎಕ್ಸ್‌ರೇ ನೋಡಿದರು. ಆಮೇಲೆ ಪುಟ್ಟ ದಿಂಬಿನ ಮೇಲೆ ನನ್ನ ಮಣಿಕಟ್ಟನ್ನು ಇರಿಸಿ ಮೂರು ಬೆರಳಿಟ್ಟರು. ಪ್ರತಿ ಕೈಯಲ್ಲೂ ಸುನ್, ಗುವಾನ್, ಛಿ ಎಂದು ಮೂರು ಸ್ಥಾನಗಳು. ಮೊದಲು ಹಗುರವಾಗಿ, ಆಮೇಲೆ ಒತ್ತಿ ನೋಡುತ್ತಾರೆ. ಬಳಿಕ ನಾಲಗೆ ಚಾಚಿಸಿ, ಅದರ ಬಣ್ಣ, ಮೇಲಿನ ಬಿಳಿ ಪೊರೆ, ಅಂಚಿನಲ್ಲಿ ಹಲ್ಲಿನ ಗುರುತು ಇವನ್ನೆಲ್ಲ ನೋಡಿದರು. ನಾನು ಫಿಲ್ಟರ್ ಕಾಫಿ ಕುಡಿದು ಹೋಗಿದ್ದೆ. ನಾಲಗೆಯ ಮೇಲಿನ ಕಂದುಬಣ್ಣವನ್ನು ಕಂಡು, ‘ಇದು ನಿಮ್ಮ ಹೊಟ್ಟೆಯದೋ, ಲೋಟದ್ದೋ’ ಎಂದು ಕೇಳಿದರು. ಆದ್ದರಿಂದ ಮೇಷ್ಟ್ರೇ, ಗುರುವಾರ ಕಾಫಿಯನ್ನೂ ಎಲೆಯಡಿಕೆಯನ್ನೂ ಸೂಜಿಯ ನಂತರಕ್ಕಿಟ್ಟುಕೊಳ್ಳಿ, ಆ ಬೆಳಗ್ಗೆ ನಾಲಗೆಯನ್ನು ಹೆರೆಯಬೇಡಿ.

ಸೂಜಿಯ ವಿಭಾಗದಲ್ಲಿ ಹತ್ತು ಹನ್ನೆರಡು ಹಾಸಿಗೆಗಳು ಒಂದೇ ಹಾಲ್‌ನಲ್ಲಿದ್ದವು, ನಡುವೆ ಪರದೆ. ಪಕ್ಕದ ಅಜ್ಜಿ ಮಂಡಿಯಲ್ಲಿ ಆರು ಸೂಜಿ ನಿಲ್ಲಿಸಿಕೊಂಡು ಫೋನಿನಲ್ಲಿ ಮೀನಿನ ದರ ವಿಚಾರಿಸುತ್ತಿದ್ದರು. ನನಗೆ ನೋವಿದ್ದದ್ದು ಸೊಂಟದಲ್ಲಿ, ಆದರೆ ಮೊದಲ ಎರಡು ಸೂಜಿ ಹೋದದ್ದು ಮಂಡಿಯ ಹಿಂಭಾಗದ ಮಡಿಕೆಗೆ. ಆ ಬಿಂದುವಿನ ಹೆಸರು ವೇಯ್‌ಝೋಂಗ್. ಸೊಂಟ, ಬೆನ್ನಿಗೆ ವೇಯ್‌ಝೋಂಗನ್ನು ಹುಡುಕು ಎಂಬ ಹಳೆಯ ಪದ್ಯವನ್ನು ಅಲ್ಲಿ ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ.

ಹೊರಡುವಾಗ ಗಿಡಮೂಲಿಕೆಯ ಕಿಟಕಿ. ನೂರಾರು ಪುಟ್ಟ ಮರದ ಅರೆಗಳ ಗೋಡೆಯ ಮುಂದೆ ಹುಡುಗಿಯೊಬ್ಬಳು ಕೈತಕ್ಕಡಿಯಲ್ಲಿ ಬೇರು, ತೊಗಟೆ ತೂಗಿ ಏಳು ಕಾಗದಗಳ ಮೇಲೆ ಏಳು ಗುಡ್ಡೆ ಮಾಡಿದಳು. ಇಲ್ಲಿ ಅನೇಕರು ಚೀನೀ ವೈದ್ಯವೆಂದರೆ ಸೂಜಿ ಎಂದುಕೊಂಡಿದ್ದಾರೆ. ಅಲ್ಲಿ ಕಷಾಯದ್ದೇ ದೊಡ್ಡ ಪಾಲು, ಸೂಜಿಯದು ಒಂದು ಕವಲು.

ಬಿಳಿಗಿರಿ | ಭಾನುವಾರ, ರಾತ್ರಿ 9.30

‘ಇದು ನಿಮ್ಮ ಹೊಟ್ಟೆಯದೋ, ಲೋಟದ್ದೋ’ — ಈ ವೈದ್ಯೆಯ ವಿಳಾಸ ಬೇಕು.

ಗಿಡಬಳ್ಳಿ | ಸೋಮವಾರ, ಬೆಳಗ್ಗೆ 6.50

ಮೇಷ್ಟ್ರೇ, ಸೂಜಿ ಹಾಕಿಸಿಕೊಳ್ಳಿ, ಆದರೆ ಯಾರಾದರೂ ಚೀನೀ ಮೂಲಿಕೆಯ ಪುಡಿ, ಗುಳಿಗೆ ಕೊಟ್ಟರೆ ನಿಮ್ಮ ವೈದ್ಯರಿಗೆ ತೋರಿಸದೆ ನುಂಗಬೇಡಿ. ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಮಂದಿಯ ಕಿಡ್ನಿ ಹಾಳಾಯಿತು. ಗುಳಿಗೆಯಲ್ಲಿ ಇರಬೇಕಾಗಿದ್ದ ಮೂಲಿಕೆಯ ಚೀನೀ ಹೆಸರು ಫಾಂಗ್‌ಜಿ. ಅದೇ ಫಾಂಗ್‌ಜಿ ಎಂಬ ಹೆಸರಿನ ಬಾಲವಿರುವ ಇನ್ನೊಂದು ಗಿಡ, ಅರಿಸ್ಟೊಲೋಕಿಯ ಕುಲದ್ದು, ಅದರ ಜಾಗದಲ್ಲಿ ಸೇರಿಬಿಟ್ಟಿತ್ತು. ಆ ಕುಲದ ಗಿಡಗಳಲ್ಲಿರುವ ಆಮ್ಲ ಕಿಡ್ನಿಯನ್ನು ಒಣಗಿಸುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. ನಮ್ಮ ಕಡೆ ಹಾವಿನ ವಿಷಕ್ಕೆಂದು ಬೇಲಿಯಲ್ಲಿ ಬೆಳೆಸುವ ಈಶ್ವರಿ ಬಳ್ಳಿಯೂ ಇದೇ ಕುಲದ್ದೇ. ಚೀನೀ ಕಷಾಯಗಳಲ್ಲಿ ಬಹುಮಟ್ಟಿಗೆ ಇರುವ ಅತಿಮಧುರವನ್ನೂ ತಿಂಗಳುಗಟ್ಟಲೆ ಕುಡಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ; ಹೃದಯದ ರೋಗಿಗೆ ಎರಡೂ ಬೇಡದ್ದು.

ನಾಟಿಮದ್ದು | ಸೋಮವಾರ, ಬೆಳಗ್ಗೆ 7.15

ಮೂಲಿಕೆಯನ್ನು ಹೀಗೆ ಸಾರಾಸಗಟಾಗಿ ಬೈಯುವುದು ಸರಿಯಲ್ಲ. ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಕೊಟ್ಟದ್ದು ಚೀನೀ ವೈದ್ಯವೇ ಅಲ್ಲವೇ? ಅದನ್ನು ಕಂಡುಹಿಡಿದ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು.

ಗಿಡಬಳ್ಳಿ | ಸೋಮವಾರ, ಬೆಳಗ್ಗೆ 7.48

ಬೈದಿಲ್ಲ, ತೋರಿಸಿ ನುಂಗಿ ಎಂದಿದ್ದೇನೆ. ತೂ ಯೂಯೂ ಅವರ ಕತೆಯೂ ಅದನ್ನೇ ಹೇಳುತ್ತದೆ. ನಾಲ್ಕನೆಯ ಶತಮಾನದ ಗೆ ಹೋಂಗ್ ಎಂಬ ವೈದ್ಯ, ಒಂದು ಹಿಡಿ ಚಿಂಗ್‌ಹಾವ್ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಸು ಎಂದು ಬರೆದಿಟ್ಟಿದ್ದ. ಕುದಿಸು ಎಂದಿರಲಿಲ್ಲ. ಹಾಗಾದರೆ ಬಿಸಿಗೆ ಮದ್ದು ಕೆಡುತ್ತಿರಬೇಕೆಂದು ತೂ ಯೂಯೂ ಊಹಿಸಿ, ಕಡಿಮೆ ಶಾಖದಲ್ಲಿ ಕುದಿಯುವ ಈಥರ್‌ನಿಂದ ಸತ್ವ ತೆಗೆದರು. ಆಮೇಲೆ ಇಲಿ, ಮಂಗ, ತಮ್ಮದೇ ಮೈ, ಕೊನೆಗೆ ರೋಗಿಗಳು, ಈ ಕ್ರಮದಲ್ಲಿ ಪರೀಕ್ಷಿಸಿದರು. ಹಳೆಯ ಓಲೆ ಸುಳಿವು ಕೊಟ್ಟಿತು, ಪ್ರಮಾಣ ಕೊಟ್ಟದ್ದು ಪರೀಕ್ಷೆ.

ನಮ್ಮ ಮನೆಯ ಹೂವಿನ ಬುಟ್ಟಿಯ ದವನ, ಗಣಪತಿಯ ಇಪ್ಪತ್ತೊಂದು ಪತ್ರೆಗಳಲ್ಲಿ ಮೊದಲು ಬರುವ ಮಾಚಿಪತ್ರೆ, ಇವೂ ಆ ಚಿಂಗ್‌ಹಾವ್‌ನ ದಾಯಾದಿಗಳೇ. ಮಾಚಿಪತ್ರೆಯ ಜಾತಿಯ ಎಲೆಯನ್ನೇ ಒಣಗಿಸಿ, ಕುಟ್ಟಿ, ಉಣ್ಣೆಯ ಹಾಗೆ ಮಾಡಿ, ಬೀಡಿಯಂತೆ ಸುತ್ತಿ, ಹೊತ್ತಿಸಿ ಬಿಂದುಗಳ ಹತ್ತಿರ ಹಿಡಿಯುವುದಕ್ಕೆ ಮಾಕ್ಸಾ ಎನ್ನುತ್ತಾರೆ.

ಹಾಲುಹಾದಿ | ಸೋಮವಾರ, ಬೆಳಗ್ಗೆ 8.00

ಬರೆ ಹಾಕುವ ಹಾಗೆಯೇ? ನನ್ನಜ್ಜಿ ಹೊಟ್ಟೆಯ ಮೇಲಿನ ಬರೆಯ ಗುರುತನ್ನು ಸಾಯುವ ತನಕ ಹೊತ್ತಿದ್ದರು.

ಸೂಜಿಡಾಕ್ಟರ್ | ಸೋಮವಾರ, ಬೆಳಗ್ಗೆ 8.25

ಬೊಬ್ಬೆ ಬರುವಂತೆ ಚರ್ಮದ ಮೇಲೆಯೇ ಸುಡುವ ಮಾಕ್ಸಾ ಹಿಂದೆ ಚೀನಾದಲ್ಲೂ ಜಪಾನಿನಲ್ಲೂ ಇತ್ತು. ಈಗ ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ದೂರ ಹಿಡಿದು ಬೆಚ್ಚಗೆ ಮಾಡುತ್ತಾರೆ, ಬಿಸಿ ಹೆಚ್ಚಾದರೆ ಸರಿಸುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಬಿಸಿ ಹೆಚ್ಚಾದದ್ದೇ ತಿಳಿಯುವುದಿಲ್ಲವಾದ್ದರಿಂದ ಅವರಿಗೆ ಬೇಡ. ಹೊಗೆ ಆಗದಿದ್ದರೆ ಮೊದಲೇ ಹೇಳಿ.

ಸ್ವದೇಶಿ | ಸೋಮವಾರ, ಬೆಳಗ್ಗೆ 11.10

ಇಷ್ಟೆಲ್ಲ ಚೀನಾ ಚೀನಾ ಎನ್ನುತ್ತಿದ್ದೀರಿ. ಇದು ಮೂಲತಃ ನಮ್ಮ ಸೂಚೀವೇಧ, ಸುಶ್ರುತನ ಕಾಲದ್ದು, ಬೌದ್ಧ ಭಿಕ್ಷುಗಳ ಜೊತೆ ಅಲ್ಲಿಗೆ ಹೋಯಿತು.

ಶಾಸನಪ್ರಿಯ | ಸೋಮವಾರ, ಮಧ್ಯಾಹ್ನ 12.02

ಸುಶ್ರುತ ಹೇಳಿದ್ದು ಸಿರಾವ್ಯಧ, ಅಂದರೆ ನಾಳ ಬಿಡಿಸಿ ರಕ್ತ ತೆಗೆಯುವುದು. ಮರ್ಮಸ್ಥಾನಗಳನ್ನು ಅವನು ವಿವರಿಸಿದ್ದು ಅಲ್ಲಿ ಗಾಯವಾಗದಂತೆ ಕಾಪಾಡಿಕೊಳ್ಳಲು, ಚುಚ್ಚಲಿಕ್ಕಲ್ಲ. ಚೀನಾದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯಿಂದ 1973ರಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕಿದವು. ಅವುಗಳಲ್ಲಿ ಹನ್ನೊಂದು ನಾಳಗಳ ವಿವರವಿದೆ, ಮಾಕ್ಸಾ ಇದೆ, ಸೂಜಿ ಚಿಕಿತ್ಸೆಯೇ ಇಲ್ಲ. ಹಳದಿ ಚಕ್ರವರ್ತಿಯ ಹೆಸರಿನ ‘ಹುವಾಂಗ್‌ದಿ ನೇಯ್‌ಜಿಂಗ್’ ಎಂಬ ವೈದ್ಯಗ್ರಂಥ ಸಂಕಲನಗೊಳ್ಳುವ ಹೊತ್ತಿಗೆ ನಾಳ ಹನ್ನೆರಡಾಗಿದೆ, ಸೂಜಿ ಮುಂದೆ ಬಂದಿದೆ. ಈ ವಿದ್ಯೆ ಹಂತಹಂತವಾಗಿ ಅಲ್ಲೇ ಬೆಳೆದದ್ದು ಈ ಗ್ರಂಥಗಳಲ್ಲಿ ಕಾಣುತ್ತದೆ.

ಐದು ಸಾವಿರ ವರ್ಷ ಅಖಂಡವಾಗಿ ಹರಿದು ಬಂದ ವಿದ್ಯೆಯೆಂಬ ಜಾಹೀರಾತನ್ನೂ ನಂಬಬೇಡಿ. 1822ರಲ್ಲಿ ದಾವೋಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಿಂದ ಸೂಜಿಯನ್ನು ಹೊರಹಾಕಿಸಿದ. 1929ರಲ್ಲಿ ಅಲ್ಲಿನ ಸರ್ಕಾರವು ದೇಶೀ ವೈದ್ಯವನ್ನೇ ನಿಲ್ಲಿಸಲು ಹೊರಟು, ವೈದ್ಯರ ಪ್ರತಿಭಟನೆಗೆ ಹಿಂಜರಿಯಿತು. ಇಂದು ನಾವು ನೋಡುವ ಸಣ್ಣ ಸೂಜಿ, ನರ ಮತ್ತು ರಕ್ತನಾಳ ತಪ್ಪಿಸಿ ಗುರುತಿಸಿದ ಬಿಂದುಗಳು ಇವುಗಳಲ್ಲಿ ಬಹಳಷ್ಟು ಚೆಂಗ್ ದಾನ್‌ಆನ್ ಎಂಬವರು ಕಳೆದ ಶತಮಾನದಲ್ಲಿ ತಿದ್ದಿದ್ದು. ಬೀಜಿಂಗ್, ಶಾಂಘೈ, ಗುವಾಂಗ್‌ಝೌ, ಚೆಂಗ್‌ದು, ಈ ನಾಲ್ಕು ಊರುಗಳಲ್ಲಿ ಸರ್ಕಾರಿ ಕಾಲೇಜು ತೆರೆದದ್ದು 1956ರಲ್ಲಿ.

ಸ್ವದೇಶಿ | ಸೋಮವಾರ, ಮಧ್ಯಾಹ್ನ 12.20

ಭಾರತಕ್ಕೆ ತಂದವರಾದರೂ ನಮ್ಮ ಸೊಲ್ಲಾಪುರದ ಡಾ. ಕೋಟ್ನಿಸ್ ಅಲ್ಲವೇ?

ಶಾಸನಪ್ರಿಯ | ಸೋಮವಾರ, ಮಧ್ಯಾಹ್ನ 12.44

ಅದೂ ಅಲ್ಲ, ಆದರೆ ಹತ್ತಿರ ಬಂದಿದ್ದೀರಿ. ಜಪಾನ್ ದಾಳಿ ಮಾಡಿದಾಗ ಚೀನಾಕ್ಕೆ ನೆರವಾಗಲು 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ದ್ವಾರಕಾನಾಥ ಕೋಟ್ನಿಸ್ ಒಬ್ಬರು. ಅವರು 1942ರ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು, ಅವರು ಶಸ್ತ್ರಚಿಕಿತ್ಸಕರು. ಅದೇ ತಂಡದಲ್ಲಿದ್ದ ಬಿಜಯಕುಮಾರ ಬಸು ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು 1959ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದರು. ಪಶ್ಚಿಮ ಬಂಗಾಳ 1996ರಲ್ಲೇ ಇದಕ್ಕೆ ಪ್ರತ್ಯೇಕ ಕಾಯ್ದೆ ಮಾಡಿತು. ಮಹಾರಾಷ್ಟ್ರದ ಕಾಯ್ದೆ 2015ರದು, ಕೇಂದ್ರದ ಮಾನ್ಯತೆ 2019ರದು.

ಬಿಳಿಗಿರಿ | ಸೋಮವಾರ, ಮಧ್ಯಾಹ್ನ 1.00

ಸೂಜಿ ಹಾಕಿಯೇ ಹೊಟ್ಟೆ ಕೊಯ್ದು ಅಪೆಂಡಿಕ್ಸ್ ತೆಗೆದರಂತಲ್ಲ, ಅಮೆರಿಕದ ಪತ್ರಕರ್ತನಿಗೆ?

ಸಂಶಯಪ್ಪ | ಸೋಮವಾರ, ಮಧ್ಯಾಹ್ನ 1.18

ಐವತ್ತು ವರ್ಷದಿಂದ ಸಾಯದ ಸುಳ್ಳು. ಜೇಮ್ಸ್ ರೆಸ್ಟನ್ ಅವರಿಗೆ 1971ರ ಜುಲೈನಲ್ಲಿ ಬೀಜಿಂಗ್‌ನಲ್ಲಿ ಶಸ್ತ್ರಚಿಕಿತ್ಸೆ ಆದದ್ದು ಮಾಮೂಲಿ ಅರಿವಳಿಕೆಯ ಇಂಜೆಕ್ಷನ್ ಕೊಟ್ಟೇ. ಆಮೇಲೆ ಹೊಟ್ಟೆಯುಬ್ಬರವಾದಾಗ ಮೊಣಕೈಗೂ ಮೊಣಕಾಲ ಕೆಳಗೂ ಸೂಜಿ ಹಾಕಿ, ಹೊಟ್ಟೆಯ ಹತ್ತಿರ ಮಾಕ್ಸಾ ಹಿಡಿದರು. ಅವರೇ ತಮ್ಮ ಪತ್ರಿಕೆಯಲ್ಲಿ ಹೀಗೆಂದೇ ಬರೆದಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಮಣಿಕಟ್ಟಿನ ಒಳಗಿನ ನೇಯ್‌ಗುವಾನ್ ಬಿಂದು ಒಂದಿಷ್ಟು ಉಪಯೋಗವೆಂದು ನಾನೂ ಒಪ್ಪುತ್ತೇನೆ. ಅಲ್ಲಿಗೆ ನನ್ನ ಔದಾರ್ಯ ಮುಗಿಯಿತು.

ಪರ್ಲ್ ನದಿಯ ಪರದೇಶಿ | ಬುಧವಾರ, ರಾತ್ರಿ 8.40

ಮೇಷ್ಟ್ರೇ, ನಾಳೆ ಹೋಗುವ ಮುನ್ನ ಒಂದು ಮಾತು. ‘ನಿಮ್ಮ ಕಿಡ್ನಿ ದುರ್ಬಲವಾಗಿದೆ’ ಎಂದು ಹೇಳಿದರೆ ಗಾಬರಿಯಾಗಬೇಡಿ. ಸೊಂಟವು ಕಿಡ್ನಿಯ ಮನೆ ಎಂದು ಅವರ ಹಳೆಯ ಗ್ರಂಥದಲ್ಲೇ ಇದೆ. ಅವರ ಕಿಡ್ನಿಯಲ್ಲಿ ಮೂಳೆ, ಮಜ್ಜೆ, ಕಿವಿ, ಮುಪ್ಪು, ಭಯ ಎಲ್ಲವೂ ಸೇರಿರುತ್ತವೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ನೋಡುವ ಕಿಡ್ನಿಗೂ ಅದಕ್ಕೂ ಹೆಸರೊಂದೇ.

ಲೆಕ್ಕದ ಮೇಷ್ಟ್ರು | ಗುರುವಾರ, ಸಂಜೆ 4.30

ಹೋಗಿ ಬಂದೆ. ನಿಮ್ಮೆಲ್ಲರ ಮಾತನ್ನು ಪಾಲಿಸಿದ ವರದಿ ಒಪ್ಪಿಸುತ್ತಿದ್ದೇನೆ.

ಇಡ್ಲಿ ತಿಂದು, ಕಾಫಿ ಬಿಟ್ಟು, ಮಾತ್ರೆಯ ಚೀಟಿ ಹಿಡಿದು ಹೋದೆ. ಪದವಿ ಯಾವುದು, ನೋಂದಣಿ ಸಂಖ್ಯೆ ಎಷ್ಟು ಎಂದು ಮಗಳೇ ಕೇಳಿದಳು. ಅವರು ಬೇಸರಿಸದೆ ಗೋಡೆಯ ಕಡೆ ಕೈ ತೋರಿಸಿದರು. ಸೂಜಿಯ ಪೊಟ್ಟಣವನ್ನು ನನ್ನೆದುರೇ ಹರಿದರು. ನಾಡಿ ನೋಡಿ, ನಾಲಗೆ ನೋಡಿ, ಪರದೇಶಿಯವರು ಹೇಳಿದ್ದ ಮಾತನ್ನೇ ಅಕ್ಷರಶಃ ಹೇಳಿದರು: ‘ಕಿಡ್ನಿ ಸ್ವಲ್ಪ ದುರ್ಬಲ.’ ನಿನ್ನೆ ರಾತ್ರಿ ಓದಿರದಿದ್ದರೆ ನಾನು ಅಲ್ಲಿಂದ ನೇರವಾಗಿ ಪ್ರಯೋಗಾಲಯಕ್ಕೆ ಓಡುತ್ತಿದ್ದೆ. ಯಾವ ಕಿಡ್ನಿ ಎಂದು ಕೇಳಿದೆ. ಅವರು ನಕ್ಕು, ನಿಮ್ಮ ವೈದ್ಯರು ನೋಡುವ ಕಿಡ್ನಿಯಲ್ಲ ಎಂದರು.

ಕವುಚಿ ಮಲಗಿಸಿ ಸೊಂಟದಲ್ಲಿ ಆರು, ಮಂಡಿಯ ಹಿಂದೆ ಎರಡು, ಹಿಮ್ಮಡಿಯ ಪಕ್ಕದಲ್ಲಿ ಎರಡು, ಕೈಯಲ್ಲಿ ಒಂದು ಸೂಜಿ ಹಾಕಿದರು. ಕೈಯದಕ್ಕೆ ಹಾ ಎಂದೆ, ಉಳಿದವಕ್ಕೆ ಸುಮ್ಮನಿದ್ದೆ. ಸೊಂಟದ ಎಡಗಡೆಯದು ಒದ್ದೆ ಮಣ್ಣಿನ ಹೆಂಟೆ ಇಟ್ಟಷ್ಟು ಭಾರವಾಯಿತು; ದೇ ಚೀ ಎಂದರೆ ಇದೇ ಇರಬೇಕು. ಇಪ್ಪತ್ತೈದು ನಿಮಿಷದಲ್ಲಿ ಗೊರಕೆ ಹೊಡೆದೆನಂತೆ.

ತೆಗೆಯುವಾಗ ಎಣಿಸಿಕೊಂಡೆ. ಹತ್ತಾಯಿತು. ‘ಮುಗಿಯಿತು, ಏಳಿ’ ಎಂದರು. ನಾನು ಮಲಗಿದ್ದಲ್ಲಿಂದಲೇ, ಹನ್ನೊಂದು ಹಾಕಿದ್ದೀರಿ ಎಂದೆ. ಅವರು ತಟ್ಟೆಯಲ್ಲಿದ್ದದ್ದನ್ನು ಎರಡು ಸಲ ಎಣಿಸಿ, ಪಂಚೆಯ ಅಂಚನ್ನು ಸರಿಸಿದಾಗ ಬಲ ಮಂಡಿಯ ಹಿಂದೆ ಒಂದು ಹಾಗೆಯೇ ನಿಂತಿತ್ತು. ಕೈಮುಗಿದು ಕ್ಷಮೆ ಕೇಳಿದರು. ಅಲ್ಲೊಂದು ರೂಪಾಯಿಯಗಲ ನೀಲಿಯಾಗಿದೆ, ಮಾತ್ರೆಯ ಪ್ರಭಾವ.

ನೋವು ಇಳಿಯಿತೇ ಎಂದು ಕೇಳಬೇಡಿ, ಒಂದೇ ದಿನದಲ್ಲಿ ಹೇಳಲಾರೆ. ಆರು ಸಲ ಹೋಗುತ್ತೇನೆ. ಬೆಳಗ್ಗೆ ಎದ್ದಾಗಿನ ನೋವಿಗೆ ಹತ್ತರಲ್ಲಿ ಅಂಕ ಕೊಟ್ಟು, ಎಷ್ಟು ಹೊತ್ತು ನಡೆದೆನೆಂಬುದನ್ನೂ ಬರೆದಿಡಲು ಹಳೆಯ ಹಾಜರಿ ಪುಸ್ತಕವೊಂದನ್ನು ಹುಡುಕಿ ಇಟ್ಟಿದ್ದೇನೆ. ಇಂದಿನ ಅಂಕ ಏಳು.

ಸಂಶಯಪ್ಪ | ಗುರುವಾರ, ಸಂಜೆ 4.52

ಅಂಕ ಹಾಕುವಾಗ ಹಿಂದಿನ ದಿನದ್ದನ್ನು ನೋಡಬೇಡಿ ಮೇಷ್ಟ್ರೇ. ಪುಟ ಮಡಚಿಡಿ.

ಅರೆತಲೆಯ ಅಕ್ಕ | ಗುರುವಾರ, ಸಂಜೆ 5.03

ಕಾಫಿ ಯಾವಾಗ ಕುಡಿದಿರಿ?

ಲೆಕ್ಕದ ಮೇಷ್ಟ್ರು | ಗುರುವಾರ, ಸಂಜೆ 5.10

ಹನ್ನೊಂದನೆಯ ಸೂಜಿ ತೆಗೆದ ಐದನೆಯ ನಿಮಿಷಕ್ಕೆ, ಎದುರಿನ ಹೋಟೆಲಿನಲ್ಲಿ. ಪುಟ ಮಡಚಿಟ್ಟಿದ್ದೇನೆ.